ಕೋದಂಡರಾಮಪ್ಪನವರ ಲಾನು

ಅಂಗಳದ ಹುಲ್ಲು ಕಿತ್ತು ಬಿಸಾಕಿ, ಅದೇ ಜಾಗಕ್ಕೆ ಲಾರಿಯಲ್ಲಿ ಹುಲ್ಲು ತರಿಸಿದ ಮೊದಲನೆಯ ಮನುಷ್ಯ ವಕ್ಕಲೇರಿ ಹೋಬಳಿಯಲ್ಲಿ ಯಾರು ಎಂದು ಮುಂದೆ ಯಾವಾಗಲಾದರೂ ಪರೀಕ್ಷೆಯಲ್ಲಿ ಕೇಳಿದರೆ, ಉತ್ತರ ನನಗೆ ಗೊತ್ತಿದೆ. ನಮ್ಮ ಎದುರು ಮನೆಯ ಕೋದಂಡರಾಮಪ್ಪನವರು. ಅವರ ಗೇಟಿಗೂ ನನ್ನ ಜಗಲಿಗೂ ನಡುವೆ ಇರುವುದು ಇಪ್ಪತ್ತಡಿ ರಸ್ತೆ ಮಾತ್ರ. ನಾನು ಇಣುಕಿ ನೋಡುವ ಪೈಕಿ ಅಲ್ಲ. ಆದರೆ ಪೇಪರು ಹಿಡಿದು ಜಗಲಿಯಲ್ಲಿ ಕೂತ ಮೇಲೆ ಕಣ್ಣು ಮುಚ್ಚಿಕೊಂಡು ಇರುವುದಕ್ಕೂ ಆಗುವುದಿಲ್ಲ.

ಕೋದಂಡರಾಮಪ್ಪನವರು ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿದ್ದವರು. ಆ ಕೆಲಸಕ್ಕೆ ಬೇಕಾದ ಮುಖ್ಯ ಗುಣ ಧೈರ್ಯ. ಶ್ರೀನಿವಾಸಪುರದ ಬಸ್ಸು ಇನ್ನೂ ಶ್ರೀನಿವಾಸಪುರ ಬಿಟ್ಟಿರದಿದ್ದರೂ ಇವರು ಮೈಕಿನಲ್ಲಿ “ಬಂತು, ಬಂತು, ಎರಡು ನಿಮಿಷ” ಎಂದರೆ ಜನ ಎದ್ದು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದರಂತೆ. ನಿವೃತ್ತಿಯಾಗಿ ವಕ್ಕಲೇರಿಯ ಪಕ್ಕದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಮೇಲೂ ಆ ಧೈರ್ಯ ಅವರನ್ನು ಬಿಟ್ಟಿರಲಿಲ್ಲ.

ಅವರ ಮಗಳು ಮಾನಸ ಮಾಲೂರಿನಲ್ಲಿ ಟೀಚರು. ಮುಳಬಾಗಿಲಿನ ಕಡೆಯ ಹುಡುಗ ಒಪ್ಪಿದ್ದ, ಇವಳೂ ಒಪ್ಪಿದ್ದಳು, ಜಾತಕಗಳೂ ಒಪ್ಪಿದ್ದವು. ಒಪ್ಪಂದದ ಶಾಸ್ತ್ರ, ಅಂದರೆ ನಿಶ್ಚಿತಾರ್ಥ, ಎಲ್ಲಿ ಎಂದು ಕೇಳಲು ಹುಡುಗನ ತಾಯಿ ವೆಂಕಟರತ್ನಮ್ಮ ಫೋನು ಮಾಡಿದರು. ಆಕೆಯ ದನಿ ಎಷ್ಟು ಗಟ್ಟಿಯೆಂದರೆ, ಫೋನು ಎದುರು ಮನೆಯಲ್ಲಿದ್ದರೂ ನನಗೆ ಕೇಳಿಸಿತು.

“ಛತ್ರ ಯಾವುದಣ್ಣಾ?”

“ಛತ್ರ ಯಾಕಮ್ಮಾ? ನಮ್ಮ ಲಾನ್ ಮೇಲೇ ಮಾಡೋಣ.”

“ಲಾನ್ ಉಂದಾ?” ಎಂದು ಆಕೆ ಸಂತೋಷದಿಂದ ತೆಲುಗಿಗೆ ಇಳಿದರು. “ಚಾಲಾ ಬಾಗುಂದಿ! ಬಲು ಚೆನ್ನಾಯ್ತು! ಹಂಗಾದ್ರೆ ನಮ್ಮ ಕಡೆಯವರಿಗೆಲ್ಲ ಹೇಳಿಬಿಡ್ತೀನಿ.”

ಕೋದಂಡರಾಮಪ್ಪನವರು ಫೋನಿಟ್ಟಾಗ ಹೆಂಡತಿ ಸುನಂದಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಂಗಳದಲ್ಲಿ ಒಂದು ಕರಿಬೇವಿನ ಗಿಡ, ನಾಲ್ಕು ಕನಕಾಂಬರ, ಸೊಂಟದೆತ್ತರ ಕಾಂಗ್ರೆಸ್ ಗಿಡ ಮತ್ತು ಮನೆ ಕಟ್ಟುವಾಗ ಉಳಿದ ಜಲ್ಲಿಯ ಗುಡ್ಡೆ ಇದ್ದವು.

“ಯಾವ ಲಾನ್ ರೀ?”

“ಬರ್ತಾ ಇದೆ ಕಣೇ,” ಎಂದರು ಕೋದಂಡರಾಮಪ್ಪ. “ಇನ್ನು ಹದಿನೈದು ದಿನ.”

ಲಾನಿಗಿಂತ ದೊಡ್ಡ ತೊಂದರೆ ಬೇರೆ ಇತ್ತು. ಅದು ಅವರ ಅಣ್ಣ ಮುನಿರಾಮಪ್ಪನವರು. ಅವರಿರುವುದು ಊರೊಳಗೆ, ನಮ್ಮ ಬಡಾವಣೆಯಿಂದ ಕೂಗಳತೆ ದೂರದಲ್ಲಿ. ಆರು ವರ್ಷದ ಹಿಂದೆ ಆಸ್ತಿ ಭಾಗವಾದಾಗ ತಮ್ಮ ತನ್ನ ಪಾಲನ್ನು ಸೈಟು ಮಾಡುವವರಿಗೆ ಮಾರಿಬಿಟ್ಟರು. ಹೊಲ ಮಾರಿದ್ದಕ್ಕೆ ಅಣ್ಣ ಏನೂ ಅನ್ನಲಿಲ್ಲ. ಆದರೆ ಆ ಪಾಲಿನೊಳಗೆ ಅವರಪ್ಪ ಮಾಡಿಸಿದ್ದ ರಾಗಿ ಒಕ್ಕುವ ಕಣವೂ ಇತ್ತು. ಅದನ್ನು ಬಿಟ್ಟು ಉಳಿದದ್ದನ್ನು ಮಾರಬೇಕು ಎಂಬುದು ಬಸ್ ಸ್ಟ್ಯಾಂಡಿನಲ್ಲಿ ಬೆಳೆದ ತಲೆಗೆ ಹೊಳೆಯಲೇ ಇಲ್ಲ. ಕಣದ ಮೇಲೆ ಜೆಸಿಬಿ ಹತ್ತಿದ ದಿನ ಮುನಿರಾಮಪ್ಪನವರು, “ನಿನ್ನ ಹತ್ರ ನಂಗೆ ಮಾತಿಲ್ಲ, ನಿನ್ನ ಮನೆ ಮೆಟ್ಟಿಲು ನಾನು ತುಳಿಯಲ್ಲ,” ಎಂದರು. ಅದೇ ಕೊನೆಯ ಮಾತು. ಅಲ್ಲಿಂದ ಮುಂದೆ ವರ್ಷವರ್ಷವೂ ತಾರು ರಸ್ತೆಯ ಮೇಲೆ ರಾಗಿ ಹರಡಿ, ಹೋಗಿ ಬರುವ ಗಾಡಿಗಳ ಚಕ್ರಕ್ಕೆ ಬಿಟ್ಟು ಒಕ್ಕಿಸಿಕೊಳ್ಳುತ್ತಿದ್ದರು.

ಈಗ ಮಾನಸ ಒಂದು ಷರತ್ತು ಹಾಕಿದ್ದಳು.

“ದೊಡ್ಡಪ್ಪ ಬಂದು ಪಕ್ಕದಲ್ಲಿ ಕೂತರೆ ಮಾತ್ರ ನಾನು ಹಸೆ ಮೇಲೆ ಕೂರ್ತೀನಿ. ಇಲ್ಲ ಅಂದ್ರೆ ಅವತ್ತು ಸ್ಕೂಲಿಗೆ ಹೋಗ್ತೀನಿ.”

“ಅವತ್ತು ಭಾನುವಾರ ಕಣಮ್ಮಾ!”

“ಸ್ಪೆಷಲ್ ಕ್ಲಾಸ್ ಇಟ್ಕೋತೀನಿ.”

ಕೋದಂಡರಾಮಪ್ಪನವರು ಅಣ್ಣನ ಮನೆಗೆ ಮೂರು ಸಲ ಹೋದರು. ಮೂರು ಸಲವೂ ಅಣ್ಣ ಗೋಡೆ ಕಡೆ ತಿರುಗಿ ಕೂತರು. ಮೂರನೆಯ ಸಲ ವಾಪಸು ಬಂದವರು ಸೀದಾ ನನ್ನ ಜಗಲಿಗೆ ಬಂದು ಕೂತರು. “ಅಮರನಾಥ್, ಅವನ ಕೈ ಹಿಡ್ಕೊಂಡು ಒಂದನೇ ಕ್ಲಾಸಿಗೆ ಹೋದವನು ನಾನು. ಅವನು ಬರದೆ ನನ್ನ ಮನೇಲಿ ಶುಭಕಾರ್ಯ ಹೇಗೆ ಮಾಡಲಿ?” ಎಂದರು. ಕಾಫಿ ಕುಡಿದರು. ಕಾಫಿ ಮುಗಿಯುವ ಹೊತ್ತಿಗೆ ಧೈರ್ಯ ವಾಪಸು ಬಂದಿತ್ತು. “ಇರಲಿ. ಮೊದಲು ಲಾನ್ ಆಗಲಿ. ಲಾನ್ ನೋಡಿದ್ರೆ ಅವನೇ ಬರ್ತಾನೆ,” ಎಂದರು. ಲಾನು ನೋಡಿ ಯಾರಾದರೂ ಜಗಳ ಮರೆತದ್ದನ್ನು ನಾನು ಕೇಳಿಲ್ಲ. ಆದರೂ ಅವರು ಹೇಳಿದ ಧಾಟಿಗೆ ನಾನೂ ತಲೆಯಾಡಿಸಿದೆ.

ಮಾಲೂರಿನ ಕಡೆಯ ಒಂದು ನರ್ಸರಿಗೆ ಫೋನಾಯಿತು. ಹುಲ್ಲನ್ನು ಬೇರು ಮಣ್ಣು ಸಮೇತ ಚಾಪೆಯಂತೆ ಕತ್ತರಿಸಿ, ಸುತ್ತಿ ಕಳಿಸುತ್ತಾರಂತೆ. ಬಿಚ್ಚಿ ಹಾಸಿದರೆ ಲಾನು. “ನೆಲ ಮಾತ್ರ ರೆಡಿ ಇರಬೇಕು ಸಾರ್,” ಎಂದು ನರ್ಸರಿಯವನು ಹೇಳಿದ್ದನ್ನೆಲ್ಲ ಕೋದಂಡರಾಮಪ್ಪನವರು ಬಸ್ಸಿನ ವೇಳಾಪಟ್ಟಿಯ ಹಾಗೆ ಬರೆದುಕೊಂಡರು. ಆಮೇಲೆ ಊರಿನಿಂದ ಬೈರಮ್ಮನನ್ನು ಕರೆಸಿದರು. ಬೈರಮ್ಮ ಅರವತ್ತು ದಾಟಿದವಳು. ಮಣ್ಣಿನ ಕೆಲಸದಲ್ಲಿ ಅವಳಿಗೆ ಹೇಳಿಕೊಡುವವರು ನಮ್ಮ ಹೋಬಳಿಯಲ್ಲಿ ಇಲ್ಲ.

“ಗಿಡ ಗಂಟಿ ಎಲ್ಲಾ ಬೇರು ಸಮೇತ ಕೀಳಬೇಕು. ಒಂದು ಕಲ್ಲು ಇರಬಾರದು, ಒಂದು ಕಡ್ಡಿ ಇರಬಾರದು. ಮಟ್ಟ ಮಾಡಿ, ನೀರು ಹೊಡೆದು ಕೂರಿಸಿ, ಮೇಲೆ ಭಾರವಾಗಿದ್ದು ಏನಾದ್ರೂ ಉರುಳಿಸಬೇಕು,” ಎಂದು ಇವರು ಓದಿದರು.

ಬೈರಮ್ಮ ಎಲೆಯಡಿಕೆ ಅಗಿಯುತ್ತಾ ಕೇಳಿದಳು. “ಯಾತಕ್ಕಪ್ಪಾ ಇದು?”

“ಅದೆಲ್ಲ ನಿನಗೆ ಅರ್ಥ ಆಗಲ್ಲ ಬೈರಮ್ಮ. ಹೇಳಿದಷ್ಟು ಮಾಡು.”

ಇಡೀ ಕಥೆಯಲ್ಲಿ ಅವರು ಮಾಡಿದ ತಪ್ಪು ಇದೊಂದೇ. ಮಾರ್ಗಶಿರ ಮಾಸ, ಎಲ್ಲರ ಹೊಲದಲ್ಲೂ ರಾಗಿ ಕೊಯ್ಲು. ಇಂಥ ಹೊತ್ತಿನಲ್ಲಿ ಒಬ್ಬ ಮನುಷ್ಯ ನೆಲ ಕೆರೆಸಿ, ಕಲ್ಲು ಆರಿಸಿ, ನೀರು ಹೊಡೆಸಿ, ಮೇಲೆ ಕಲ್ಲು ಉರುಳಿಸುತ್ತಾನೆ ಎಂದರೆ ಅದು ಏನು ಎಂಬುದು ಬೈರಮ್ಮನಿಗೆ ಅರ್ಥವಾಗದೆ ಇರುವುದಕ್ಕೆ ಅವಳೇನು ಬಸ್ ಸ್ಟ್ಯಾಂಡಿನಲ್ಲಿ ಕೆಲಸ ಮಾಡಿದವಳೇ?

ಒಪ್ಪಂದದ ಮೊದಲ ಕರೆಯೋಲೆಯನ್ನು ಕುರುಡುಮಲೆಯ ಗಣಪನ ಪಾದದಲ್ಲಿಟ್ಟು ಬರಲು ಗಂಡ ಹೆಂಡತಿ ಸೋಮವಾರ ಹೊರಟರು. ಮುಳಬಾಗಿಲಿನಲ್ಲಿ ನೆಂಟರ ಮನೆಯಲ್ಲಿ ಎರಡು ದಿನ ಉಳಿದರು. ಆ ಎರಡು ದಿನ ಎದುರಿನ ಅಂಗಳದಲ್ಲಿ ನಡೆದದ್ದಕ್ಕೆ ನಾನೇ ಸಾಕ್ಷಿ. ಬೈರಮ್ಮ ಆರು ಹೆಂಗಸರನ್ನು ಕರೆತಂದಳು. ಗಿಡ ಹೋಯಿತು, ಜಲ್ಲಿ ಹೋಯಿತು. ಕೆರೆಯ ಜೇಡಿ ಮಣ್ಣು ಒಂದು ಗಾಡಿ ಬಂತು. ತುಳಿದರು, ತಟ್ಟಿದರು, ಎತ್ತು ಕಟ್ಟಿ ರೋಣಗಲ್ಲು ಎಳೆಸಿದರು. ರಾಗಿ ಒಕ್ಕುವುದಕ್ಕೆ ಬಳಸುವ ಆ ಕಲ್ಲಿನ ಉರುಳೆ ಇಡೀ ದಿನ ಸುತ್ತಿತು. ಕೊನೆಗೆ ಮೂರು ಸಲ ಸಗಣಿ ಸಾರಿಸಿ, ನಟ್ಟನಡುವೆ ಎತ್ತು ಸುತ್ತುವುದಕ್ಕೆ ಒಂದು ಮೇಟಿ ಕಂಬ ನೆಟ್ಟು, ಅದಕ್ಕೆ ಅರಿಸಿನ ಕುಂಕುಮ ಇಟ್ಟರು. ನಾನು ಹೇಳಬಹುದಿತ್ತು. ಆದರೆ ಲಾನು ಹೀಗೆಯೇ ಮಾಡುತ್ತಾರೇನೋ ಎಂದುಕೊಂಡೆ. ನಾನೂ ಲಾನು ಕಂಡವನಲ್ಲ.

ಬುಧವಾರ ಬಂದ ಕೋದಂಡರಾಮಪ್ಪನವರು ಗೇಟು ತೆರೆದು ಹಾಗೇ ನಿಂತರು. ಕಾಲಿಂದ ಒಮ್ಮೆ ನೆಲ ಕುಟ್ಟಿದರು. ನೆಲ ಟಣ್ ಎಂದಿತು.

“ಬೈರಮ್ಮಾ, ಏನಿದು?”

“ಕಣ ಕಣಪ್ಪಾ. ನಿಮ್ಮಪ್ಪನ ಕಾಲದಾಗೂ ಇಂಥ ಕಣ ಇರಲಿಲ್ಲ. ಹತ್ತು ವರ್ಷ ಏನೂ ಆಗಲ್ಲ.”

“ಇಲ್ಲಿ ಹುಲ್ಲು ಬೆಳೀಬೇಕು!”

“ಹುಲ್ಲಾ?” ಬೈರಮ್ಮನಿಗೆ ಅವಮಾನವಾಯಿತು. “ನಾನು ಮಾಡಿರೋ ಕಣದಾಗೆ ಒಂದು ಹುಲ್ಲು ಹುಟ್ಟಿದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ.”

ಪಕ್ಕದ ಮನೆಯ ಗೌಸ್ ಮೊಹಿದ್ದೀನ್ ಉಳಿ ಹಿಡಿದುಕೊಂಡೇ ಬಂದರು. ಅವರು ಮಂಚ ಬೀರು ಮಾಡುವ ಬಡಗಿ. ನೆಲವನ್ನು ಸವರಿ ನೋಡಿ, “ಕ್ಯಾ ಫಿನಿಶಿಂಗ್ ಹೈ! ಪಾಲಿಶ್ ಹಾಕ್ದಂಗೆ ಐತೆ ಕೋದಂಡ್ ಭಾಯ್,” ಎಂದರು. ಕೋದಂಡರಾಮಪ್ಪನವರಿಗೆ ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ನಾಳೆ ಬೆಳಿಗ್ಗೆ ಮಾಲೂರಿನಿಂದ ಲಾರಿ ಬರುವುದಿತ್ತು. ಎಲ್ಲವನ್ನೂ ಅಗೆದು ಸಡಿಲ ಮಾಡಲು ಗುರುವಾರ ಏಳು ಗಂಟೆಗೆ ಗುದ್ದಲಿಯವರನ್ನು ಬರಹೇಳಿದರು.

ಗುರುವಾರ ಆರೂಮುಕ್ಕಾಲಿಗೆ ಮುನಿರಾಮಪ್ಪನವರು ಬಂದರು.

ಅದೇ ವಾರ ಪಂಚಾಯಿತಿಯ ಆಟೋ ಊರೆಲ್ಲ ಸುತ್ತಿ, ರಸ್ತೆಯ ಮೇಲೆ ರಾಗಿ ಹರಡಬಾರದು, ಬೈಕಿನವರು ಜಾರಿ ಬೀಳುತ್ತಿದ್ದಾರೆ ಎಂದು ಕೂಗಿ ಹೋಗಿತ್ತು. ಅಣ್ಣ ತೆನೆಯ ಹೊರೆಗಳನ್ನು ಮನೆ ಮುಂದೆ ಒಟ್ಟಿಕೊಂಡು ಕೂತಿದ್ದರು. ಆಗಲೇ ಬೈರಮ್ಮ ಊರಲ್ಲಿ ಹೇಳಿದ್ದಳು: ಕೋದಂಡ ಮನೆ ಮುಂದೆ ಕಣ ಮಾಡಿಸವ್ನೆ. ಇಷ್ಟು ಸಾಕಾಯಿತು. ಮಾರಿದ ಕಣಕ್ಕೆ ಬದಲಾಗಿ ತಮ್ಮ ಕಣ ಕಟ್ಟಿಸಿದ್ದಾನೆ, ಬಾಯಲ್ಲಿ ತಪ್ಪಾಯಿತು ಎನ್ನುವುದಕ್ಕೆ ನಾಚಿಕೆಪಟ್ಟು ನೆಲದ ಮೇಲೆ ಬರೆದಿದ್ದಾನೆ ಎಂದು ಅಣ್ಣ ತಿಳಿದುಕೊಂಡರು. ಟ್ರ್ಯಾಕ್ಟರ್ ತುಂಬ ತೆನೆ ಹೇರಿ, ಹಿಂದೆ ಜೋಡೆತ್ತು ಹೊಡೆದುಕೊಂಡು, ಗೇಟಿನ ಹತ್ತಿರ ಬಂದು ನಿಂತರು. ಚಪ್ಪಲಿ ಬಿಟ್ಟು ಕಣಕ್ಕೆ ಕಾಲಿಟ್ಟು, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಗುದ್ದಲಿಯವರು ಏಳಕ್ಕೆ ಸರಿಯಾಗಿ ಬಂದರು. ಕೋದಂಡರಾಮಪ್ಪನವರು ಅವರನ್ನು ದೂರದಿಂದಲೇ ಕೈಬೀಸಿ ವಾಪಸು ಕಳಿಸಿದರು.

ಆದರೆ ಮಾತಿಲ್ಲ ಎಂದದ್ದು ಮಾತಿಲ್ಲ. ಮೆಟ್ಟಿಲು ತುಳಿಯುವುದಿಲ್ಲ ಎಂದದ್ದೂ ಹಾಗೆಯೇ; ಕಣ ಮೆಟ್ಟಿಲಲ್ಲವಲ್ಲ. ಅಣ್ಣ ತಮ್ಮ ಎರಡಡಿ ಅಂತರದಲ್ಲಿ ನಿಂತಿದ್ದರು. ನಡುವೆ ಗೌಸ್ ಮೊಹಿದ್ದೀನರಿಗೆ ಹೊಸ ಉದ್ಯೋಗ ಸಿಕ್ಕಿತು.

“ಗೌಸಣ್ಣ, ಈ ಮನೆ ಯಜಮಾನ್ರಿಗೆ ಹೇಳಪ್ಪ, ಕಣ ಚೆನ್ನಾಗೈತೆ ಅಂತ.”

“ಕೋದಂಡ್ ಭಾಯ್, ಕಣ ಚೆನ್ನಾಗೈತೆ ಅಂತೆ.”

“ಕೇಳಿಸ್ತು ಗೌಸ್. ತಿಂಡಿ ಆಯ್ತಾ ಅಂತ ಕೇಳು.”

“ಮುನಿರಾಮಣ್ಣ, ತಿಂಡಿ?”

“ಮುದ್ದೆ ತಿಂದು ಬಂದೀನಿ ಅಂತ ಹೇಳು.”

“ಮುದ್ದೆ ತಿಂದವ್ರಂತೆ. ಸಾರು ಏನು ಅಂತ ಹೇಳಿಲ್ಲ. ಕೇಳ್ಲಾ?”

ಹೀಗೆ ಕನ್ನಡದಿಂದ ಕನ್ನಡಕ್ಕೆ ಅನುವಾದ ನಡೆಯುತ್ತಿರುವಾಗ ನರ್ಸರಿಯ ಲಾರಿ ಬಂತು. ನಲವತ್ತು ಸುರುಳಿ ಹುಲ್ಲು, ಹಸಿರೆಂದರೆ ಹಸಿರು. ಡ್ರೈವರ್ ಇಳಿದು, “ಸಾರ್, ಎಲ್ಲಿ ಹಾಸೋದು?” ಎಂದು ಬಾಯಿ ತೆರೆದನೋ ಇಲ್ಲವೋ, ಕೋದಂಡರಾಮಪ್ಪನವರು ಅವನ ಬಾಯಿಗೆ ಅಡ್ಡ ಬಂದರು. ಅಣ್ಣ ತೆನೆ ಹರಡುವುದನ್ನು ನಿಲ್ಲಿಸಿ ಲಾರಿಯನ್ನೇ ನೋಡುತ್ತಿದ್ದರು. ಲಾನು ಎಂಬ ಮಾತು ಬಂದರೆ ಕಣ ಹೋಯಿತು, ಅಣ್ಣ ಹೋದರು, ಮಗಳ ಒಪ್ಪಂದವೂ ಹೋಯಿತು.

“ಗೌಸ್,” ಎಂದರು ಕೋದಂಡರಾಮಪ್ಪ, ಮೈಕಿನ ಮುಂದಿನ ಹಳೆಯ ಗತ್ತಿನಲ್ಲಿ. “ಅಣ್ಣನಿಗೆ ಹೇಳು. ಎತ್ತುಗಳಿಗೆ ಮೇವು ಬಂದಿದೆ.”

ಗೌಸ್ ಒಂದು ಕ್ಷಣ ಕೋದಂಡರಾಮಪ್ಪನವರ ಮುಖ ನೋಡಿದರು. ಆಮೇಲೆ ನಿಷ್ಠೆಯಿಂದ ಅನುವಾದ ಮಾಡಿದರು. “ಎತ್ತಿಗೆ ಮೇವು ಅಂತೆ ಮುನಿರಾಮಣ್ಣ. ಮಾಲೂರಿಂದ. ಸ್ಪೆಷಲ್.”

ಮುನಿರಾಮಪ್ಪನವರು ಬಂದು ಒಂದು ಸುರುಳಿ ಬಿಚ್ಚಿದರು. ಬೇರು ನೋಡಿದರು, ಮಣ್ಣು ನೋಡಿದರು. ಮಣ್ಣು ಕೊಡವಿ ಎತ್ತುಗಳ ಮುಂದೆ ಹಾಕಿದರು. ಎತ್ತುಗಳು ಮೂಸಿ, ತಲೆಯೆತ್ತಿ ಒಡೆಯನನ್ನು ನೋಡಿ, ಮತ್ತೆ ತಲೆ ತಗ್ಗಿಸಿದವು. ಅವುಗಳ ಬಾಳಿನಲ್ಲಿ ಅಂಥದ್ದು ಬಂದೇ ಇರಲಿಲ್ಲ. ಕೋದಂಡರಾಮಪ್ಪನವರು ತಮ್ಮ ಲಾನನ್ನು ಎತ್ತುಗಳು ಗಜ ಗಜ ಮೇಯುವುದನ್ನು ಕೈ ಕಟ್ಟಿ ನಿಂತು ನೋಡಿದರು. ನಡುನಡುವೆ, “ತಿನ್ನಲಿ, ತಿನ್ನಲಿ,” ಎನ್ನುತ್ತಿದ್ದರು.

ಶುಕ್ರವಾರ ರೋಣಗಲ್ಲು ಸುತ್ತಿತು. ಬೈರಮ್ಮನ ಹಸು, ಗೌಸರ ಎರಡು ಮೇಕೆ, ಯಾರದೋ ಎಮ್ಮೆ ಎಲ್ಲವೂ ಮೇವಿನ ಸುದ್ದಿ ತಿಳಿದು ಬಂದವು. ಪಂಚಾಯಿತಿಯ ಶಿವಕುಮಾರ್ ಎಂಬವರೂ ಬೈಕಿನಲ್ಲಿ ಬಂದರು. ಕಣವನ್ನು ಎರಡು ಸುತ್ತು ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದು, ಗಂಭೀರವಾಗಿ ಹೇಳಿದರು: “ಸಾರ್, ಇದು ವಾಸಕ್ಕೆ ಕನ್ವರ್ಷನ್ ಆಗಿರೋ ಸೈಟು. ಇಲ್ಲಿ ವ್ಯವಸಾಯದ ಚಟುವಟಿಕೆ ಮಾಡೋ ಹಾಗಿಲ್ಲ. ನೋಟಿಸ್ ಕೊಡಬೇಕಾಗತ್ತೆ.”

“ಕೊಡಿ ಸಾರ್,” ಎಂದರು ಕೋದಂಡರಾಮಪ್ಪ. “ಆದ್ರೆ ನೀವೇ ರಸ್ತೆ ಮೇಲೆ ಹರಡಬಾರದು ಅಂದ್ರಿ. ಮನೆ ಮುಂದೆ ಬೇಡ ಅಂತೀರಿ. ರಾಗಿ ಎಲ್ಲಿ ಒಕ್ಕಬೇಕು, ನಿಮ್ಮ ಆಫೀಸಿನ ಒಳಗಾ?”

ಶಿವಕುಮಾರ್ ಯೋಚಿಸಿದರು. ಮತ್ತೊಮ್ಮೆ ಕಣ ನೋಡಿದರು. ದನಿ ತಗ್ಗಿಸಿದರು. “ಅಲ್ಲ ಸಾರ್, ನಮ್ಮ ಮಾವನವರದು ಒಂದು ಹತ್ತು ಹೊರೆ ಹಾಗೇ ಬಿದ್ದಿದೆ. ಮುಂದಿನ ಬುಧವಾರ ಕಣ ಖಾಲಿ ಇರತ್ತಾ?”

ಖಾಲಿ ಇರುವುದಿಲ್ಲ ಎಂದು ಬೈರಮ್ಮ ಹೇಳಿದಳು. ಅಷ್ಟರಲ್ಲಿ ಆಕೆ ಹದಿನೇಳು ಮನೆಯವರಿಗೆ ಸರದಿ ಕೊಟ್ಟಾಗಿತ್ತು.

ಶನಿವಾರ ತೂರಿ ರಾಶಿ ಮಾಡಿ ಎತ್ತಿಬಿಡಬೇಕೆಂದು ಅಣ್ಣನ ಲೆಕ್ಕ. ಭಾನುವಾರ ಕಣ ಖಾಲಿ, ಮೇಲೆ ಶಾಮಿಯಾನ ಎಂದು ತಮ್ಮನ ಲೆಕ್ಕ. ಶನಿವಾರ ಗಾಳಿಯೇ ಬೀಸಲಿಲ್ಲ. ಮುನಿರಾಮಪ್ಪನವರು ಮೊರ ಹಿಡಿದು ಸಂಜೆಯವರೆಗೆ ಆಕಾಶ ನೋಡಿದರು. ಕೋದಂಡರಾಮಪ್ಪನವರೂ ಪಕ್ಕದಲ್ಲಿ ನಿಂತು ಅದೇ ಆಕಾಶ ನೋಡಿದರು. “ಗಾಳಿ ಬರ್ತಾ ಇದೆ, ಎರಡು ನಿಮಿಷ ಅಂತ ಹೇಳು ಗೌಸ್,” ಎಂದರು. ಈ ಸಲ ಯಾರೂ ಚೀಲ ಎತ್ತಲಿಲ್ಲ.

ಗಾಳಿ ಬಂದದ್ದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ. ಮುಳಬಾಗಿಲಿನ ಎರಡು ವ್ಯಾನುಗಳು ಬಂದದ್ದೂ ಒಂಬತ್ತಕ್ಕೇ.

ಕಣದ ನಡುವೆ ಮುನಿರಾಮಪ್ಪನವರು ಮುಕ್ಕಾಲಿ ಮೇಲೆ ನಿಂತು ರಾಗಿ ತೂರುತ್ತಿದ್ದರು. ಹೊಟ್ಟು ಹಾರಿ ಶಾಮಿಯಾನದವರ ಮೇಲೆ, ಅಡುಗೆಯವರ ಮೇಲೆ, ಬೀದಿಯ ಮೇಲೆ ಬೀಳುತ್ತಿತ್ತು. ಕೆಳಗೆ ರಾಗಿಯ ರಾಶಿ ಬೆಳೆಯುತ್ತಿತ್ತು. ವ್ಯಾನಿನಿಂದ ವೆಂಕಟರತ್ನಮ್ಮ ಇಳಿದರು. ಪಟ್ಟೆ ಸೀರೆ, ಮುಡಿ ತುಂಬ ಮಲ್ಲಿಗೆ, ಹಿಂದೆ ನಲವತ್ತು ಜನ ನೆಂಟರು. ಅವರಿಗೆಲ್ಲ ಆಕೆ ಲಾನಿನ ವಿಷಯ ಹೇಳಿ ಕರೆತಂದಿದ್ದರು. ಗೇಟಿನಲ್ಲಿ ನಿಂತು ಒಮ್ಮೆ ಎಡಕ್ಕೆ ನೋಡಿದರು, ಒಮ್ಮೆ ಬಲಕ್ಕೆ ನೋಡಿದರು.

“ಅಣ್ಣಾ,” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. “ಲಾನ್ ಏದಿ? ಲಾನ್ ಎಲ್ಲಿ?”

ಮುನಿರಾಮಪ್ಪನವರ ಕೈಯಲ್ಲಿ ಮೊರ ನಿಂತಿತು. ಬೀದಿಯೇ ನಿಂತಿತು. ಒಳಗೆ ಬಾಗಿಲ ಸಂದಿಯಲ್ಲಿ ಮಾನಸ ಸೀರೆಯುಟ್ಟು ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಅತ್ತೆಯಾಗುವವರನ್ನಲ್ಲ, ದೊಡ್ಡಪ್ಪನನ್ನು. ನನ್ನ ಕಾಫಿ ಆರುತ್ತಿತ್ತು, ನನಗೆ ಕುಡಿಯಲು ಮನಸ್ಸಾಗಲಿಲ್ಲ. ಬೀಗಿತ್ತಿಗೆ ಉತ್ತರ ಕೊಟ್ಟರೆ ಅಣ್ಣ ಮೊರ ಇಟ್ಟು ಹೋಗುತ್ತಾರೆ. ಉತ್ತರ ಕೊಡದಿದ್ದರೆ ವ್ಯಾನು ತಿರುಗುತ್ತದೆ.

ಕೋದಂಡರಾಮಪ್ಪನವರು ಕೋಟು ಬೂಟಿನಲ್ಲಿ ಮನೆಯೊಳಗಿನಿಂದ ಓಡಿ ಬಂದರು. ಕಣದ ಮೇಲೆ ಎರಡು ಹೆಜ್ಜೆ ಇಟ್ಟು, ರಾಶಿಯ ಪಕ್ಕ ನಿಂತರು.

“ಲಾನ್ ಇಲ್ಲಮ್ಮಾ,” ಎಂದರು. “ಲಾನ್ ಮಾಡಿಸಬೇಕು ಅಂತಲೇ ನೆಲ ಕೆರೆಸಿದೆ. ಬೈರಮ್ಮ ಕಣ ಮಾಡಿಬಿಟ್ಟಳು. ನಾನಾಗಿ ಮಾಡಿಸಿದ್ದಲ್ಲ. ನನ್ನ ತಲೆಗೆ ಅದು ಅವತ್ತೂ ಹೊಳೀಲಿಲ್ಲ, ಈಗಲೂ ಹೊಳೀಲಿಲ್ಲ. ಆದ್ರೆ ನಮ್ಮಣ್ಣ ಬಂದು ರಾಗಿ ಹರಡಿದ ಮೇಲೆ ನನಗೆ ಲಾನ್ ಬೇಡ ಅನ್ನಿಸ್ತು. ನೀವು ಸಿಟ್ಟು ಮಾಡ್ಕೊಂಡ್ರೆ ಮಾಡ್ಕೊಳ್ಳಿ.”

ಹೊಟ್ಟು ಹಾರುತ್ತಲೇ ಇತ್ತು. ಮುನಿರಾಮಪ್ಪನವರು ಮುಕ್ಕಾಲಿಯಿಂದ ಇಳಿದರು. ಮೊರ ಕೆಳಗಿಟ್ಟರು. ತಮ್ಮನ ಮುಖ ನೋಡಲಿಲ್ಲ, ಕಾಲು ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಕೆಂಪಾಯಿತು.

“ಲೇ ಕೋದಂಡಾ!” ಎಂದು ಗುಡುಗಿದರು. “ರಾಶಿ ಮುಂದೆ ಬೂಟು ಹಾಕ್ಕೊಂಡು ನಿಂತಿದೀಯಲ್ಲೋ, ಮನುಷ್ಯನೇನೋ ನೀನು? ಬಿಚ್ಚೋ ಮೊದ್ಲು! ಲಾನಂತೆ ಲಾನು. ಮೇವನ್ನ ಯಾವನಾದ್ರೂ ಬೇರು ಮಣ್ಣು ಸಮೇತ ಸುತ್ಕೊಂಡು ಬರ್ತಾನೇನ್ಲಾ? ನಂಗೆ ಗುರುವಾರವೇ ಗೊತ್ತಾಯ್ತು. ರಾಗಿ ಬಿದ್ದ ಮೇಲೆ ಕಣ ಕಣಾನೇ!”

ಗೌಸ್ ಮೊಹಿದ್ದೀನ್ ಅಭ್ಯಾಸಬಲದಿಂದ ಮುಂದೆ ಬಂದು, “ಕೋದಂಡ್ ಭಾಯ್, ಏನಂತಾರೆ ಅಂದ್ರೆ...” ಎಂದು ಶುರು ಮಾಡಿ, ನಿಲ್ಲಿಸಿ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಅವರ ಉದ್ಯೋಗ ಹೋಗಿತ್ತು.

ಮೊದಲು ಅಲುಗಾಡಿದವರು ವೆಂಕಟರತ್ನಮ್ಮ. ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ರಾಶಿಗೆ ಕೈ ಮುಗಿದರು. ಹಿಂದೆ ತಿರುಗಿ ನೆಂಟರಿಗೆ, “ಚೂಸ್ತಾರೇಮಿ? ಏನು ನೋಡ್ತಾ ನಿಂತಿದೀರಿ? ಚಪ್ಪಲಿ ಬಿಟ್ಟು ಬನ್ನಿ, ರಾಗಿ ರಾಶಿ ಮುಂದೆ ಒಪ್ಪಂದ ಅಂದ್ರೆ ಸಾಮಾನ್ಯವೇ?” ಎಂದು ಗದರಿದರು. ನಲವತ್ತು ಜನ ಬಗ್ಗಿ ಚಪ್ಪಲಿ ಬಿಟ್ಟರು. ಮಾನಸ ಹೊರಗೆ ಬಂದು, ದೊಡ್ಡಪ್ಪ ನಿಂತಿದ್ದ ಕಡೆಗೇ ಹಸೆಯ ಮಣೆ ತಂದು ಹಾಕಿಕೊಂಡು ಕೂತಳು.

ಎಲ್ಲರೂ ಕೂತರೂ ಕೋದಂಡರಾಮಪ್ಪನವರು ಮಾತ್ರ ರಾಶಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ತಲೆ ಬಗ್ಗಿಸಿ ಬೂಟಿನ ಮೇಲೆ ಕೈ ಆಡಿಸುತ್ತಲೇ ಇದ್ದರು.

“ಎಷ್ಟೊತ್ತೋ?” ಎಂದರು ಅಣ್ಣ. ಈಗ ದನಿ ಮೆತ್ತಗಿತ್ತು.

“ಲೇಸ್ ಬಿಚ್ತಾ ಇದೀನಿ ಅಣ್ಣಾ,” ಎಂದರು ತಮ್ಮ, ತಲೆ ಎತ್ತದೆ. “ಗಂಟು ಬಿದ್ದಿದೆ.”

ಆ ಬೂಟು ಕೊಳ್ಳುವಾಗ ಕೋಲಾರದ ಅಂಗಡಿಯಲ್ಲಿ ನಾನೂ ಜೊತೆಗಿದ್ದೆ. ಅದಕ್ಕೆ ಲೇಸೇ ಇರಲಿಲ್ಲ.